ಲೈಕ್ ಒತ್ತಿದವರೆಲ್ಲ ಎಲ್ಲಿ ಹೋದಿರಿ?

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ಬ್ಲೌಸ್ ಹೊಲಿಯುವ ಅಕ್ಕನ ಅಂಗಡಿಯಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಹೊಸ ಡಾಂಬರು ಒಂದೇ ಮಳೆಗೆ ಕಿತ್ತು ಬಂತು ಅಂತ ಅವರು ಫೋಟೋ ಹಾಕಿದ್ದರು, ನೆನಪಿದೆ ಅಲ್ವಾ? ಅದಕ್ಕೆ ಗುತ್ತಿಗೆದಾರರ ಕಡೆಯಿಂದ ಲಾಯರ್ ನೋಟಿಸ್ ಬಂದಿದೆ. 7 ದಿನದೊಳಗೆ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಮಾನನಷ್ಟಕ್ಕೆ 10 ಲಕ್ಷ ಕೊಡಬೇಕು. ಒಂದು ಬ್ಲೌಸಿಗೆ 250 ರೂಪಾಯಿ ತಗೊಳ್ಳುವ ಹೆಂಗಸು! ಹೊಲಿಗೆ ಮಿಷನ್ ಮೇಲೆ, ಕತ್ತರಿ ಕೆಳಗೆ ಆ ನಾಲ್ಕು ಹಾಳೆ. ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, "ನಮಗ್ಯಾಕಣ್ಣ ಕೋರ್ಟು ಕಚೇರಿ? ಅಳಿಸಿಬಿಟ್ಟೆ" ಅಂದರು.

ನನಗೆ ಹೊಟ್ಟೆ ಉರಿದದ್ದು ನೋಟಿಸಿಗಲ್ಲ. 'ನಿಮ್ಮ ಜೊತೆ ನಾವಿದ್ದೇವೆ ಅಕ್ಕ' ಅಂತ ಬರೆದವರೆಲ್ಲ ಸುದ್ದಿ ತಿಳಿದ ಕೂಡಲೇ ಕಾಮೆಂಟ್ ತೆಗೆದುಬಿಟ್ಟಿದ್ದರು. ಒಬ್ಬರೂ ಫೋನ್ ಮಾಡಿ ವಿಚಾರಿಸಿಲ್ಲ.

ಲಾಯರ್ ನೋಟಿಸ್ ಅಂದರೆ ತೀರ್ಪಲ್ಲ, ಸಮನ್ಸೂ ಅಲ್ಲ. 2024ರ ಜುಲೈ 1ರಿಂದ ಮಾನನಷ್ಟದ ಬಗ್ಗೆ ಇದ್ದ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಸೆಕ್ಷನ್ 499, 500ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356 ಬಂದಿದೆ. 2 ವರ್ಷದವರೆಗೆ ಜೈಲು ಅಂತ ಅದರಲ್ಲಿದೆ, ನಿಜ. ಆದರೆ ಜನರ ಒಳಿತಿಗೆ ಹೇಳಿದ ಸತ್ಯ ಮಾನನಷ್ಟ ಅಲ್ಲ ಅಂತಲೂ ಅದೇ ಸೆಕ್ಷನ್ನಿನಲ್ಲಿದೆ. ಪೊಲೀಸರು ಸೀದಾ ಮನೆಗೆ ಬಂದು ಹಿಡಿದುಕೊಂಡು ಹೋಗುವ ಕೇಸಲ್ಲ. ದೂರು ಕೊಡುವವರೇ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕು. ಇಷ್ಟನ್ನು ಅವರಿಗೆ ಹೇಳಲು ನಮ್ಮಲ್ಲಿ ಒಬ್ಬರಿಗೂ ಪುರುಸೊತ್ತಾಗಲಿಲ್ಲ.

ಬಾಯಿಗೆ ಬಂದದ್ದು ಬರೆದರೆ ಕೇಸ್ ಬೀಳದೆ ಇರುತ್ತಾ ಅಂತ ಗೆಳೆಯರೊಬ್ಬರು ಕೇಳಿದರು. ಯಾರದೋ ಮನೆ ಹೆಣ್ಣುಮಕ್ಕಳ ಬಗ್ಗೆ ಕೊಳಕು ಬರೆಯುವವರ ಮೇಲೆ ಕೇಸ್ ಬೀಳಲೇಬೇಕು. ಈ ಅಕ್ಕ ಯಾರನ್ನೂ ಕಳ್ಳ ಅಂದಿಲ್ಲ, ಯಾರ ಹೆಸರನ್ನೂ ಹೇಳಿಲ್ಲ. ಗುಂಡಿ ತೋರಿಸಿ 'ಒಂದೇ ಮಳೆಗೆ ಹೀಗಾಯ್ತು' ಅಂದರು, ಅಷ್ಟೇ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಾನೂ ಅವತ್ತು ರಾತ್ರಿ ನನ್ನ ಶೇರ್ ಅಳಿಸಿದ್ದೆ. ಮಗಳ ಫೀಸು, ಬ್ಯಾಂಕಿನ ಕಂತು ಕಣ್ಣ ಮುಂದೆ ಬಂತು. ಇವತ್ತು ಅವರೆದುರು ಕೂತಾಗ ತಲೆ ಎತ್ತಲಾಗಲಿಲ್ಲ.

ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ನಾಳೆ ಬೆಳಿಗ್ಗೆ ಅಕ್ಕನ ಜೊತೆ ಅಲ್ಲಿಗೆ ಹೋಗುತ್ತಿದ್ದೇನೆ. ಬರುವವರು 10 ಗಂಟೆಗೆ ಅಂಗಡಿ ಹತ್ತಿರ ಬನ್ನಿ. ಆ ರಸ್ತೆಯ ಫೋಟೋ ಮೊಬೈಲಿನಲ್ಲಿದ್ದರೆ ದಯವಿಟ್ಟು ಅಳಿಸಬೇಡಿ, ವಕೀಲರಿಗೆ ಬೇಕಾಗುತ್ತದೆ. ಇಲ್ಲಿ ಹಾಕಿರುವ ಫೋಟೋ ಅದೇ ಗುಂಡಿಯದು. ಇವತ್ತು ಸಂಜೆ ನಾನೇ ತೆಗೆದದ್ದು, ನನ್ನ ಹೆಸರಲ್ಲೇ ಹಾಕಿದ್ದೇನೆ.