ಹದಿನೈದು ಕಿಲೋಮೀಟರಿನ ರೇಡಿಯೊ

ಕಾರಿನ ರೇಡಿಯೊವನ್ನು 90.4ಕ್ಕೆ ಇಟ್ಟು ಹಾಗೇ ಬಿಟ್ಟುಬಿಡುವುದು ನನ್ನ ಹಳೇ ಚಾಳಿ. ದಾರಿಯುದ್ದಕ್ಕೂ ಹೆಚ್ಚಾಗಿ ಬರೀ ಕೊರಕೊರ. ನನ್ನ ಹೆಂಡತಿಗೆ ಇದು ಆಗಿಬರುವುದಿಲ್ಲ. "ರೀ, ಒಂದೋ ಆಫ್ ಮಾಡಿ, ಇಲ್ಲಾ ಹಾಡು ಹಾಕಿ" ಅನ್ನುತ್ತಾಳೆ. ಸ್ವಲ್ಪ ತಾಳು ಅನ್ನುತ್ತೇನೆ. ಯಾವುದೋ ಊರು ಹತ್ತಿರವಾದಾಗ ಆ ಕೊರಕೊರದ ಒಳಗಿಂದ ಒಂದು ದನಿ ಎದ್ದು ಬರುತ್ತದೆ. ಬೆಂಗಳೂರಲ್ಲಿ 90.4 ಅಂದರೆ ರೇಡಿಯೊ ಆಕ್ಟಿವ್. ಮಣಿಪಾಲದಲ್ಲಿ ಅದೇ 90.4 ರೇಡಿಯೊ ಮಣಿಪಾಲ್. ಬೆಳಗಾವಿಗೆ ಹೋದರೆ ಕೆಎಲ್ಇ ಶಿಕ್ಷಣ ಸಂಸ್ಥೆಯವರ ವೇಣುಧ್ವನಿ. ನಂಬರ್ ಒಂದೇ, ಊರು ಬೇರೆ, ಮಾತಿನ ಧಾಟಿಯೂ ಬೇರೆ.

ಕಾಲೇಜೋ, ಊರಿನ ಸಂಘಸಂಸ್ಥೆಯೋ ತನ್ನ ಸುತ್ತಲಿನ ಜನಕ್ಕಾಗಿ ನಡೆಸುವ ಇಂಥ ಸಣ್ಣ ಸ್ಟೇಷನ್ನುಗಳಿಗೆ ಸಮುದಾಯ ರೇಡಿಯೊ ಅನ್ನುತ್ತಾರೆ. ಇವುಗಳಿಗೆ ಎಫ್ಎಂನಲ್ಲಿ ಸರ್ಕಾರ ಬಿಟ್ಟುಕೊಟ್ಟಿರುವ ಜಾಗ ಬಹಳ ಕಡಿಮೆ. 90.4, 90.8, 91.2, 107.8, ಹೀಗೆ ಕೆಲವೇ. ಇಡೀ ದೇಶ ಅಷ್ಟರಲ್ಲೇ ಹಂಚಿಕೊಳ್ಳಬೇಕು. ಹಂಚಿಕೊಂಡರೂ ಒಬ್ಬರ ದನಿ ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ, ಯಾಕಂದ್ರೆ ಇವುಗಳ ಶಕ್ತಿಯೇ ಅಷ್ಟು. ಸಾಮಾನ್ಯವಾಗಿ 50 ವ್ಯಾಟ್. ನಮ್ಮ ಹಳೇ ಮನೆಯ ನಡುಮನೆಯಲ್ಲಿ ಉರಿಯುತ್ತಿದ್ದ ಹಳದಿ ಬಲ್ಬೇ 60 ವ್ಯಾಟ್ ಇತ್ತು. ಟವರಿನ ಎತ್ತರಕ್ಕೂ 30 ಮೀಟರಿನ ಲೆಕ್ಕ. ಊರಿಂದ ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ಮುಗಿಯಿತು. ನಡುವೆ ಗುಡ್ಡ ಬಂದರೆ ಅಷ್ಟೂ ಇಲ್ಲ.

ಈ ಮಿತಿಯನ್ನು ಎಲ್ಲರೂ ಕೊರತೆ ಅಂತಲೇ ಹೇಳುತ್ತಾರೆ. ಪಾಪ, ಸಣ್ಣ ಸ್ಟೇಷನ್ನು, ದೂರ ಹೋಗಲ್ಲ ಅಂತ. ನನಗೆ ಮಾತ್ರ ಇದರ ರುಚಿಯೆಲ್ಲ ಈ ಮಿತಿಯಿಂದಲೇ ಬಂದಿದೆ ಅನ್ನಿಸುತ್ತದೆ. ಮಾತಾಡುವವಳು, ಕೇಳುವವರು ಎಲ್ಲ ಅದೇ ಹದಿನೈದು ಕಿಲೋಮೀಟರಿನ ಒಳಗಿನವರು. ಒಂದೇ ಸಂತೆಗೆ ಹೋಗುವವರು. ಒಂದೇ ಬಸ್ಸಿಗೆ ಕಾಯುವವರು.

ನಮ್ಮಕ್ಕನ ಊರಿನ ಪಕ್ಕ ಇಂಥದ್ದೊಂದು ಸ್ಟೇಷನ್ ಇದೆ. ಹೆಸರು ಹೇಳಲ್ಲ, ಹೇಳಿದರೆ ಅಕ್ಕ ನನ್ನನ್ನು ಮನೆಗೆ ಸೇರಿಸಲ್ಲ. ಅಕ್ಕನ ಅಡುಗೆಮನೆಯ ಗೂಡಿನಲ್ಲಿ ಒಂದು ಪುಟ್ಟ ರೇಡಿಯೊ ಸದಾ ಗುಂಯ್‌ಗುಡುತ್ತಿರುತ್ತದೆ. ಒಂದು ಸಲ ನಾನಲ್ಲಿ ಕೂತು ದೋಸೆ ತಿನ್ನುತ್ತಿದ್ದಾಗ ರೇಡಿಯೊದ ಹುಡುಗಿ ಹುರುಳಿಕಟ್ಟಿನ ಸಾರು ಮಾಡುವುದು ಹೇಳುತ್ತಿದ್ದಳು. ಅಕ್ಕ ಸೌಟು ಕೆಳಗಿಟ್ಟು, "ಬೆಳ್ಳುಳ್ಳಿನ ಯಾವಾಗ ಹಾಕ್ಬೇಕು ಅಂತಾನೇ ಹೇಳ್ಲಿಲ್ಲ ನೋಡು ಇವ್ಳು" ಅಂದರು. "ಫೋನ್ ಮಾಡಿ ಹೇಳಕ್ಕಾ" ಅಂದೆ. "ಫೋನ್ ಯಾಕೆ, ನಾಡಿದ್ದು ಸಂತೇಲಿ ಸಿಗ್ತಾಳಲ್ಲ" ಅಂದರು. ಸಿಕ್ಕಿದಳಂತೆ. ಹೇಳಿದರಂತೆ. ಮುಂದಿನ ವಾರ ಆ ಹುಡುಗಿ ರೇಡಿಯೊದಲ್ಲಿ, "ಹೋದ್ವಾರ ಹೇಳಿದ ಸಾರಲ್ಲಿ ಒಂದು ಬಿಟ್ಟೋಗಿತ್ತು, ನಮ್ಮ ಕೇಳುಗರೊಬ್ಬರು ನೆನಪು ಮಾಡಿದ್ರು" ಅಂತ ಬೆಳ್ಳುಳ್ಳಿಯ ಸಮಾಚಾರ ಹೇಳಿದಳಂತೆ. ಅಕ್ಕ ಆ ವಾರವೆಲ್ಲ ಬೀಗುತ್ತಿದ್ದರು ಅಂತ ಭಾವ ಹೇಳಿದರು.

ದೊಡ್ಡ ಎಫ್ಎಂಗಳಲ್ಲಿ ಇದು ಆಗಲ್ಲ. ಅಲ್ಲಿಯ ಆರ್‌ಜೆಗಳು ಜಾಣರು, ಬಾಯಿ ಚುರುಕು, ನಗಿಸುತ್ತಾರೆ, ಒಪ್ಪುತ್ತೇನೆ. ಆದರೆ ಅವರು ಯಾರ ಜೊತೆ ಮಾತಾಡುತ್ತಿದ್ದಾರೆ ಅಂತ ಅವರಿಗೇ ಗೊತ್ತಿಲ್ಲ. ಹಾಗಾಗಿ ಎಲ್ಲರಿಗೂ ಹೊಂದುವಂಥ ಒಂದೇ ಉತ್ಸಾಹವನ್ನು ಬೆಳಗಿನಿಂದ ರಾತ್ರಿವರೆಗೆ ಹಂಚಬೇಕು. ಸಣ್ಣ ಸ್ಟೇಷನ್ನಿನ ಹುಡುಗಿಗೆ ಅಷ್ಟೊಂದು ಉತ್ಸಾಹ ಇರುವುದಿಲ್ಲ. ಒಮ್ಮೊಮ್ಮೆ ಬೇಸರದಲ್ಲೇ ಮಾತಾಡುತ್ತಾಳೆ. ನೆಗಡಿ ಆಗಿದ್ದರೆ ಕೇಳಿಸುತ್ತದೆ. ಕಾಗದ ತಿರುವುವ ಸದ್ದು ಬರುತ್ತದೆ. ಹೊರಗೆ ಯಾರದೋ ಬೈಕು ಸ್ಟಾರ್ಟ್ ಆಗದೆ ನಾಲ್ಕು ಸಲ ಒದೆ ತಿನ್ನುವುದೂ ಕೇಳಿಸುತ್ತದೆ. ಹಾಡು ಮುಗಿದ ಮೇಲೆ ಎರಡು ಮೂರು ಸೆಕೆಂಡು ಯಾರೂ ಮಾತಾಡುವುದೇ ಇಲ್ಲ. ಆಮೇಲೆ "ಹಾಂ..." ಅಂತ ಶುರು. ಅವಳ ಕನ್ನಡವಂತೂ ಆಕಾಶವಾಣಿಯ ಪಾಠದ ಕನ್ನಡವೂ ಅಲ್ಲ, ಬೆಂಗಳೂರಿನ ಕಂಗ್ಲಿಷೂ ಅಲ್ಲ. ಆ ಹೋಬಳಿಯ ಜನ ಅಂಗಡಿಯಲ್ಲಿ ಆಡುವ ಕನ್ನಡ.

ಕನ್ನಡ ಮಾತ್ರ ಅಂತಲೂ ಅಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ 107.8ರಲ್ಲಿ ಬರುತ್ತದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಅಲ್ಲಿ ಸಿಗುತ್ತವೆ. ರೇಡಿಯೊದಲ್ಲಿ ಬ್ಯಾರಿ ಮಾತು ನಾನು ಮೊದಲು ಕೇಳಿದ್ದು ಅಲ್ಲೇ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೂ ಮಂಗಳೂರಿನ ಬೀದಿ ಹೇಗೆ ಮಾತಾಡುತ್ತದೋ ಹಾಗೇ ಮಾತಾಡುವ ರೇಡಿಯೊ ಅದು. ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರ ಜನಧ್ವನಿ 2012ರಿಂದ 90.8ರಲ್ಲಿದೆ. ಕಾಡಂಚಿನ ಸೀಮೆ ಅದು, ಸುತ್ತ ಜೇನುಕುರುಬರ, ಕಾಡುಕುರುಬರ ಹಾಡಿಗಳು, ಅಂದರೆ ಆದಿವಾಸಿಗಳ ಪುಟ್ಟ ಊರುಗಳು. ರೇಟಿಂಗ್ ನೋಡಿ ಕಾರ್ಯಕ್ರಮ ಮಾಡುವ ಯಾವ ಕಂಪನಿ ಆ ಹಾಡಿಗಳಿಗೆ ಅಂತ ಟವರ್ ನಿಲ್ಲಿಸುತ್ತದೆ ಹೇಳಿ? ಬೆಂಗಳೂರಿನಂಥ ಊರಲ್ಲೂ, 2007ರಲ್ಲಿ ಶುರುವಾದ ರೇಡಿಯೊ ಆಕ್ಟಿವ್‌ನ ಮೈಕಿನ ಮುಂದೆ ಲಿಂಗತ್ವ ಅಲ್ಪಸಂಖ್ಯಾತರು, ಕಸ ಆಯುವವರು ಬಂದು ಕೂತರು. ಅತಿಥಿಗಳಾಗಿ ಅಷ್ಟೇ ಅಲ್ಲ, ಕಾರ್ಯಕ್ರಮ ನಡೆಸುವವರಾಗಿ.

ಇದೆಲ್ಲ ಈಚಿನ ಫ್ಯಾಷನ್ ಅಂದುಕೊಂಡವರಿಗೆ ಮೈಸೂರಿನ ಕಥೆ ನೆನಪಿಸಬೇಕು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಎಷ್ಟರದ್ದು ಗೊತ್ತಾ? 30 ವ್ಯಾಟ್. ಇವತ್ತಿನ ಸಮುದಾಯ ರೇಡಿಯೊಗಿಂತಲೂ ಕಡಿಮೆ. ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆ ಸಿಕ್ಕಿದ್ದು ಆ ಮನೆಯ ರೇಡಿಯೊದಿಂದ. ಮುಂದೆ ಸಂಸ್ಥಾನ ಅದನ್ನು ವಹಿಸಿಕೊಂಡಿತು, ಆಮೇಲೆ ದೇಶ. ಬೆಳೆದದ್ದು ಒಳ್ಳೆಯದೇ. ಆದರೆ ಬೆಳೆದ ಮೇಲೆ ರೇಡಿಯೊ ಅಂದರೆ ಸರ್ಕಾರದ್ದು, ಮಿಕ್ಕವರು ಮುಟ್ಟುವಂತಿಲ್ಲ ಅಂತಾಗಿಹೋಯಿತು. ಒಬ್ಬ ಮೇಷ್ಟ್ರು ಮನೆಯಲ್ಲಿ ಮಾಡಿದ್ದನ್ನು ಆಮೇಲೆ ದಶಕಗಟ್ಟಲೆ ಯಾರೂ ಮಾಡುವ ಹಾಗಿರಲಿಲ್ಲ!

ಬಾಗಿಲು ತೆರೆದದ್ದು ಕ್ರಿಕೆಟ್ಟಿನಿಂದ ಅಂದರೆ ನಗು ಬರುತ್ತದೆ. 1993ರ ಹೀರೋ ಕಪ್ ಪಂದ್ಯಗಳನ್ನು ಯಾರು ತೋರಿಸಬೇಕು ಅನ್ನುವ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿಯಲ್ಲಿ ಕೋರ್ಟು, ಗಾಳಿಯ ಅಲೆಗಳು, ಅಂದರೆ ರೇಡಿಯೊ ಟೀವಿಯ ತರಂಗಗಳು, ಸಾರ್ವಜನಿಕರ ಆಸ್ತಿ ಎಂದಿತು. ಹಾಗಂತ ಮರುದಿನವೇ ಲೈಸೆನ್ಸ್ ಸಿಗಲಿಲ್ಲ. 2002ರ ಕೊನೆಗೆ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಅವಕಾಶ ಕೊಟ್ಟರು. ಊರಿನ ಸಂಘಸಂಸ್ಥೆಗಳಿಗೆ ಬಾಗಿಲು ತೆಗೆದದ್ದು 2006ರಲ್ಲಿ.

ಆ ಕಾಯುವ ಕಾಲದಲ್ಲಿ ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಮಾಡಿದ್ದು ನನಗೆ ಬಹಳ ಇಷ್ಟ. ಬೂದಿಕೋಟೆ ಅಂದರೆ ಹೈದರಾಲಿ ಹುಟ್ಟಿದ ಊರು ಅಂತಾರಲ್ಲ, ಅದೇ. ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಅಲ್ಲಿ "ನಮ್ಮ ಧ್ವನಿ" ಅಂತ ಶುರು ಮಾಡಿದವು. ಗಾಳಿಯಲ್ಲಿ ಬಿಡಲು ಕಾನೂನು ಒಪ್ಪಲ್ಲ. ಸರಿ, ಗಾಳಿ ಬೇಡ ಅಂದರು. ಊರಿನ ಕೇಬಲ್ ಟೀವಿಯ ತಂತಿಯಲ್ಲೇ ದನಿ ಕಳಿಸಿದರು. ಸ್ತ್ರೀಶಕ್ತಿ, ಸ್ವಸಹಾಯ ಸಂಘ ಅಂತೆಲ್ಲ ಕೂಡುವ ಹೆಂಗಸರ ಮಾತು, ಸಾಲದ ಲೆಕ್ಕ, ಬೆಳೆ, ಮಕ್ಕಳ ಕಾಯಿಲೆ, ಹಾಡು, ಎಲ್ಲ ತಂತಿಯಲ್ಲಿ ಮನೆಮನೆಗೆ ಹೋಯಿತು. ರೇಡಿಯೊಗೆ ಅಲೆಯೇ ಇಲ್ಲದಿದ್ದರೂ ರೇಡಿಯೊ ನಡೆಯುತ್ತದೆ ಅಂತ ತೋರಿಸಿದವರು ಅವರು.

ತೆಲಂಗಾಣದ ಮಾಚನೂರಿನಲ್ಲಿ ಇನ್ನೊಂದು ಬಗೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು 1998ರ ಸುಮಾರಿಗೇ ಸ್ಟುಡಿಯೊ ಸಿದ್ಧ ಮಾಡಿಕೊಂಡಿದ್ದರು. ಲೈಸೆನ್ಸ್ ಇಲ್ಲ. ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಹಾಕಿ ಕೇಳಿಸುತ್ತಾ ಕಾದರು. ಕೊನೆಗೆ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ ಗಾಳಿಗೆ ಬಂತು. ಹತ್ತು ವರ್ಷ ಕಾಯುವಷ್ಟು ಹಟ ಯಾಕೆ ಅಂತ ಕೇಳುವವರು ಒಂದು ಸಂಜೆ ಕೂತು ನವಣೆ, ಸಾಮೆ, ಬಿತ್ತನೆ ಬೀಜದ ಬಗ್ಗೆ ಅನುಭವಸ್ಥ ಹೆಂಗಸರು ಮಾತಾಡುವುದನ್ನು ಕೇಳಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ ಬೈಯುವುದನ್ನೂ ಬೈಯಬೇಕಲ್ವಾ.

ಹೆಸರಿಗೆ ಸಮುದಾಯ ರೇಡಿಯೊ, ಒಳಗೆ ನೋಡಿದರೆ ಕಾಲೇಜಿನ ನೋಟಿಸ್ ಬೋರ್ಡು. ಇಂಥವು ಬೇಕಾದಷ್ಟಿವೆ. ಬೆಳಗ್ಗೆ ಸಂಸ್ಥಾಪಕರ ಸ್ಮರಣೆ, ಮಧ್ಯಾಹ್ನ ಪ್ರಾಂಶುಪಾಲರ ಭಾಷಣ, ಸಂಜೆ ಅಡ್ಮಿಷನ್ ಮಾಹಿತಿ. ನಡುವೆ ಸಿನಿಮಾ ಹಾಡು. ಕನಿಷ್ಠ ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು ಅಂತ ನಿಯಮವಿದೆ. ಪ್ರಾಂಶುಪಾಲರೂ ಸ್ಥಳೀಯರೇ ಅಂತ ಲೆಕ್ಕ ಹಾಕಿದರೆ ಏನು ಹೇಳುವುದು! ಗೇಟಿನ ಹೊರಗೆ ಸೊಪ್ಪು ಮಾರುವ ಅಜ್ಜಿ ಒಂದು ಸಲವೂ ಒಳಗೆ ಬಂದು ಮಾತಾಡಿಲ್ಲ ಅಂದರೆ ಅದು ಯಾರ ಸಮುದಾಯ?

ನಿಯಮದ ತಮಾಷೆ ಇನ್ನೂ ಒಂದಿದೆ. ಸಮುದಾಯ ರೇಡಿಯೊ ಸುದ್ದಿ ಹೇಳುವಂತಿಲ್ಲ. ನೀರು ಎಷ್ಟು ಗಂಟೆಗೆ ಬರುತ್ತದೆ, ಕರೆಂಟು ಯಾವಾಗ ಹೋಗುತ್ತದೆ, ಪರೀಕ್ಷೆಯ ಫಲಿತಾಂಶ, ಹವಾಮಾನ, ಜಾತ್ರೆ ಇವನ್ನೆಲ್ಲ ಹೇಳಬಹುದು. ಅವು ಸುದ್ದಿಯ ಲೆಕ್ಕಕ್ಕೆ ಬರಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಹಾಕಬಹುದು. ಅಂದರೆ ದಿಲ್ಲಿಯಲ್ಲಿ ಏನಾಯಿತು ಅಂತ ಹೇಳಬಹುದು. ಪಕ್ಕದ ಬೀದಿಯಲ್ಲಿ ಏನಾಯಿತು ಅಂತ ತಾವೇ ಸುದ್ದಿ ಮಾಡುವಂತಿಲ್ಲ. ಯಾರು ಬೇಕಾದರೂ ವಾಟ್ಸಾಪಿನಲ್ಲಿ ಏನು ಬೇಕಾದರೂ ಹಬ್ಬಿಸುವ ಈ ಕಾಲದಲ್ಲಿ, ಹೆಸರು ವಿಳಾಸ ಇರುವ, ಲೈಸೆನ್ಸ್ ಇರುವ, ಬಾಗಿಲಿಗೆ ಹೋಗಿ ಜಗಳವಾಡಬಹುದಾದ ಒಂದು ಸ್ಟೇಷನ್ನಿಗೆ ಮಾತ್ರ ಬಾಯಿಕಟ್ಟು. ಇದರಲ್ಲಿ ಏನು ನ್ಯಾಯ ಇದೆಯೋ ನನಗಂತೂ ತಿಳಿಯಲಿಲ್ಲ.

ದುಡ್ಡಿನ ಪಾಡು ಕೇಳಲೇಬೇಡಿ. 2012ರಲ್ಲಿ ತರಂಗಾಂತರದ ವರ್ಷದ ಶುಲ್ಕವನ್ನು 19,700ರಿಂದ ಒಮ್ಮೆಗೇ 91,000 ರೂಪಾಯಿಗೆ ಏರಿಸಲು ಹೊರಟಿದ್ದರು. ದೇಶದ ಸಮುದಾಯ ರೇಡಿಯೊಗಳು ಮೌನ ಆಚರಿಸಿ ಪ್ರತಿಭಟಿಸಿದವು. ಆಮೇಲೆ ಹಿಂದೆಗೆದರು. 2024ರ ಹೊಸ ನಿಯಮದಲ್ಲಿ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು ಅಂತಾಯಿತು. ಸರ್ಕಾರಿ ಜಾಹೀರಾತಿನ ದರ ಹತ್ತು ಸೆಕೆಂಡಿಗೆ 52ರಿಂದ 74 ರೂಪಾಯಿ ಆಯಿತು. ಮುಖ್ಯ ರಸ್ತೆಯ ಹೋಟೆಲಲ್ಲಿ ಒಂದು ಮಸಾಲೆ ದೋಸೆಗೂ ಅಷ್ಟಾಗುತ್ತದೆ. ಇರಲಿ, ಅಷ್ಟಾದರೂ ಆಯಿತಲ್ಲ. ಅಂದಹಾಗೆ, ಸಣ್ಣ ಸ್ಟೇಷನ್ನುಗಳ ಜಾಹೀರಾತುಗಳನ್ನು ನಾನು ಕಾರ್ಯಕ್ರಮಕ್ಕಿಂತ ಇಷ್ಟಪಟ್ಟು ಕೇಳುತ್ತೇನೆ. "ಮೋಟಾರ್ ರಿವೈಂಡಿಂಗ್ ಮಾಡಿಕೊಡಲಾಗುವುದು, ಬಸ್ ಸ್ಟ್ಯಾಂಡ್ ಹಿಂಭಾಗ, ಮಂಗಳವಾರ ರಜೆ." ಇದಕ್ಕಿಂತ ನಂಬಿಕೆಯ ಜಾಹೀರಾತು ಯಾವುದಿದೆ? ರಜೆಯ ದಿನವನ್ನೂ ಹೇಳುತ್ತಾನಲ್ಲ.

ಈಚೆಗೆ ಎಲ್ಲರದೂ ಒಂದೇ ಮಾತು. ಆ್ಯಪ್ ಇದೆ, ಅಮೆರಿಕದಲ್ಲೂ ಕೇಳಬಹುದು ಅಂತ. ಕೇಳಲಿ, ಬೇಡ ಅನ್ನಲ್ಲ. ಊರು ಬಿಟ್ಟುಹೋದ ಮಗ ನ್ಯೂಜೆರ್ಸಿಯಲ್ಲಿ ಕೂತು ನಮ್ಮ ಕಡೆ ಮಾತು ಕೇಳಿದರೆ ಅವನಿಗೂ ಹಾಯೆನಿಸುತ್ತದೆ. ನನ್ನ ಭಯ ಬೇರೆ. ಸ್ಟೇಷನ್ನಿನವರು ನ್ಯೂಜೆರ್ಸಿಯವನನ್ನು ನೆನೆದುಕೊಂಡು ಮಾತಾಡಲು ಶುರು ಮಾಡಿದ ದಿನ ಅಕ್ಕನ ಬೆಳ್ಳುಳ್ಳಿಯನ್ನು ಯಾರು ಕೇಳುತ್ತಾರೆ? "ನಾಳೆ ಸಂತೆ ಇರಲ್ಲ" ಅನ್ನುವುದು ಅವನಿಗೆ ಬೇಕಿಲ್ಲ. ಅವನಿಗೆ ಬೇಕಾಗಿರುವುದು ಊರಿನ ನೆನಪು. ಅಕ್ಕನಿಗೆ ನೆನಪು ಬೇಕಾಗಿಲ್ಲ, ನಾಳೆ ಬಸ್ಸು ಇದೆಯೋ ಇಲ್ಲವೋ ಗೊತ್ತಾದರೆ ಸಾಕು.

ಇನ್ನೊಂದು ಕಷ್ಟ, ಫೋನಿನದು. ಮೊದಲೆಲ್ಲ ಸಾವಿರ ರೂಪಾಯಿಯ ಬಟನ್ ಫೋನಲ್ಲೂ ಎಫ್ಎಂ ಬರುತ್ತಿತ್ತು. ಇಯರ್‌ಫೋನ್ ಚುಚ್ಚಿದರೆ ಅದರ ವೈರೇ ಆಂಟೆನಾ. ಇವತ್ತು ದುಬಾರಿ ಫೋನುಗಳಲ್ಲಿ ಇಯರ್‌ಫೋನ್ ತೂತೂ ಇಲ್ಲ, ರೇಡಿಯೊವೂ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಫೋನ್ ಕಂಪನಿಗಳಿಗೆ ಎಫ್ಎಂ ಸೌಲಭ್ಯ ಇಡಿ, ಇದ್ದದ್ದನ್ನು ಮುಚ್ಚಬೇಡಿ ಅಂತ ಸಲಹೆ ಕೊಟ್ಟಿತು. ಸಲಹೆ ಅಷ್ಟೇ. ಮಳೆಗಾಲದಲ್ಲಿ ಮೊಬೈಲ್ ಟವರಿಗೆ ಕರೆಂಟಿಲ್ಲದೆ ನೆಟ್‌ವರ್ಕ್ ಹೋದಾಗ ಎರಡು ಸೆಲ್ಲಿನ ರೇಡಿಯೊ ಮಾತ್ರ ಮಾತಾಡುತ್ತಿರುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ನಿಮ್ಮ ಊರಿನ ಹತ್ತಿರ ಸ್ಟೇಷನ್ ಇದ್ದರೆ ಒಂದು ಪುಟ್ಟ ಸೆಟ್ ತಂದಿಡಿ, ತುಂಬಾ ಏನೂ ಆಗಲ್ಲ. ಮನೆಯಲ್ಲಿ ಸೋಬಾನೆ ಪದ ಬರುವ ಅಜ್ಜಿಯೋ, ದನದ ರೋಗಕ್ಕೆ ನಾಟಿ ಮದ್ದು ಬಲ್ಲ ಅಜ್ಜನೋ ಇದ್ದರೆ ಸ್ಟೇಷನ್ನಿಗೆ ಒಂದು ಫೋನ್ ಮಾಡಿ ತಿಳಿಸಿ. ಅವರೇ ರೆಕಾರ್ಡರ್ ಹಿಡಿದುಕೊಂಡು ಮನೆಗೆ ಬಂದರೂ ಬಂದರು. ಅಜ್ಜಿ ನಾಚಿಕೊಂಡು ಒಳಗೆ ಓಡಿಹೋದರೆ ಬಂದವರಿಗೆ ಕಾಫಿ ಕೊಡಿ, ಇನ್ನೊಂದು ದಿನ ಬನ್ನಿ ಅನ್ನಿ.