ಕೂಲರ್ ಇಳಿಸುವ ದಿನ

ಕಲಬುರಗಿಯಲ್ಲಿ ಬೇಸಿಗೆ ಬಂತೆಂದು ತಿಳಿಯಲು ಪಂಚಾಂಗ ಬೇಕಿಲ್ಲ. ಶಿವರಾತ್ರಿ ಆದಮೇಲೆ ಒಂದು ದಿನ ಊಟಕ್ಕೆ ಕೂತಾಗ ನನ್ನ ಹೆಂಡತಿ ಒಮ್ಮೆ ಕಿಟಕಿ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಾಳೆ. ಮಾತಿಲ್ಲ. ನಾಳೆ ಮಾಳಿಗೆ ಏರಿ ಕೂಲರ್ ಇಳಿಸಬೇಕು ಎಂದು ಅದರ ಅರ್ಥ.

ನಮ್ಮದು ತಗಡಿನ ಕೂಲರ್. ಮೂರು ಕಡೆ ಹುಲ್ಲು ತುಂಬಿದ ಬಾಗಿಲು, ಮುಂದೆ ಫ್ಯಾನಿನ ಜಾಳಿಗೆ. ಎಂಟು ತಿಂಗಳು ಗೋಣಿತಾಟು ಹೊದ್ದು ಮಲಗಿದ್ದ ಅದರ ಹೊಟ್ಟೆಯೊಳಗೆ ಏನಿರುತ್ತದೋ ಹೇಳಲಾಗದು. ಹೋದ ವರ್ಷ ಪಾರಿವಾಳದ ಪುಕ್ಕದ ನಡುವೆ, ಕಳೆದೇ ಹೋಯಿತೆಂದು ಮಗ ಅತ್ತಿದ್ದ ಟೆನಿಸ್ ಚೆಂಡು ಸಿಕ್ಕಿತು. ಇದು ಒಬ್ಬನೇ ಇಳಿಸುವ ವಸ್ತುವಲ್ಲ, ಪಕ್ಕದ ಮನೆಯ ಕಾಕಾ ಬರಬೇಕು. ಅವರು ಒಂದು ಕೈಯಿಂದ ಕೂಲರ್ ಹಿಡಿಯುತ್ತಾರೆ, ಇನ್ನೊಂದು ಕೈಯಿಂದ ಸೂಚನೆ ಕೊಡುತ್ತಾರೆ. "ಹಗೂರಕ ತಮ್ಮಾ, ಹಗೂರಕ... ಮೆಟ್ಟಲಾ ನೋಡು... ಏನ್ ಊರಪ್ಪಾ ಇದು, ಈಗೇ ಹಿಂಗ ಸುಡ್ಲಕತ್ತದ!"

ಹಳೆಯ ಹುಲ್ಲು ತೆಗೆಯುವುದು ಅರ್ಧ ದಿನದ ಕೆಲಸ. ಹುಲ್ಲು ಎನ್ನುವುದು ಹೆಸರಿಗಷ್ಟೇ. ಅದು ಶಾವಿಗೆಯಷ್ಟು ತೆಳ್ಳಗೆ ಸೀಳಿದ ಕಟ್ಟಿಗೆಯ ಎಳೆ. ಬೋರಿನ ಗಡಸು ನೀರು ಕುಡಿದು ಕುಡಿದು ಅದಕ್ಕೆ ಬಿಳಿ ಉಪ್ಪು ಹತ್ತಿರುತ್ತದೆ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಹೊಸ ಹುಲ್ಲು ತುಂಬಿ, ಮೇಲಿನ ಪೈಪಿನ ತೂತುಗಳನ್ನು ಒಂದೊಂದಾಗಿ ಪಿನ್ನಿನಿಂದ ಚುಚ್ಚಿ ಬಿಡಿಸಿ ಪಂಪು ಚಾಲೂ ಮಾಡಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ನೀರು ಇಳಿಯುತ್ತದೆ. ಒದ್ದೆ ಕಟ್ಟಿಗೆ, ತುಕ್ಕು, ಹಳೆಯ ಧೂಳು ಮೂರೂ ಕಲೆತ ಆ ಮೊದಲ ಗಾಳಿಯ ವಾಸನೆ ಖಾಜಾ ಬಂದೇ ನವಾಜ್ ದರ್ಗಾದ ಕಡೆಯ ಅತ್ತರಿನ ಅಂಗಡಿಯಲ್ಲೂ ಸಿಗದು.

ನಮ್ಮೂರ ಮಂದಿ ಊರನ್ನು ಹೊಗಳುವುದು ನಾನು ಕಂಡಿಲ್ಲ. ಬೈಯುತ್ತಾರೆ. ಹೋಳಿ ಹುಣ್ಣಿಮೆಯಾಗಿ 5ನೇ ದಿನಕ್ಕೆ ಶರಣಬಸವೇಶ್ವರರ ತೇರು. ನೋಡಿ ಬಂದವರು ತೇರಿಗಿಂತ ಮೊದಲು ಬಿಸಿಲಿನ ಸುದ್ದಿ ಹೇಳುತ್ತಾರೆ. ಆಮೇಲೆ 42, 43, 44 ಎಂದು ಕ್ರಿಕೆಟ್ ಸ್ಕೋರಿನಂತೆ ಏರಿಸುತ್ತಾ ಹೋಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಸರಕಾರವೂ ಬಿಸಿಲಿಗೆ ಸಲಾಮು ಹೊಡೆದು, ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆಸಿ ಮಧ್ಯಾಹ್ನ 1.30ಕ್ಕೆ ಮುಚ್ಚಿಸುತ್ತದೆ. ಕೋಟೆಯೊಳಗಿನ ಜಾಮಾ ಮಸೀದಿಯನ್ನೇ ನೋಡಿ. 1367ರಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ ಕಟ್ಟಿದ್ದು. ಬೇರೆ ದೊಡ್ಡ ಮಸೀದಿಗಳಿಗೆ ಇರುವಂತೆ ನಡುವೆ ತೆರೆದ ಅಂಗಳವಿಲ್ಲ, ಪೂರಾ ಗುಮ್ಮಟಗಳ ಛಾವಣಿ. ಪಂಡಿತರು ಇದಕ್ಕೆ ಏನೇನೋ ಕಾರಣ ಕೊಡುತ್ತಾರೆ. ಕಟ್ಟಿದವನು ಒಂದು ಮೇ ತಿಂಗಳನ್ನು ಇಲ್ಲಿ ಕಳೆದಿದ್ದ ಎಂದು ನನ್ನ ಲೆಕ್ಕ.

ಆದರೆ ಬೈಯುವ ಹಕ್ಕು ನಮ್ಮದು. ಮುಂಬೈಯಲ್ಲಿರುವ ನನ್ನ ಷಡ್ಡಕ ಒಮ್ಮೆ ಮೇ ತಿಂಗಳಲ್ಲಿ ರೈಲಿಳಿದು ಬಂದವನೇ, "ಮನುಷ್ಯಾ ಇರೋ ಊರೇನ್ರೀ ಇದು?" ಎಂದುಬಿಟ್ಟ. ಬೆಳಿಗ್ಗೆಯಿಂದ ಅದನ್ನೇ ಅನ್ನುತ್ತಿದ್ದ ಕಾಕಾ ಚಹಾದ ಕಪ್ಪು ಕೆಳಗಿಟ್ಟರು.

"ಬಿಸಿಲ್ ಅದ, ಖರೆ. ಆದ್ರ ಒಣಾ ಬಿಸಿಲ್ರೀ ಇದು. ನಿಮ್ಮ ಮುಂಬೈದಂಗ ಕುಂತಲ್ಲೇ ತೊಯ್ಯಂಗಿಲ್ಲ. ಅದಿರಲಿ, ನೀವು ಉಣ್ಣೂ ಬ್ಯಾಳಿ ಎಲ್ಲೀದು?"

2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದಾಗಿನಿಂದ ಕಾಕಾ ಯಾವ ವಾದದಲ್ಲೂ ಸೋತಿಲ್ಲ. ಷಡ್ಡಕ ಮರಳಿ ಹೋಗುವಾಗ ಐದು ಕಿಲೋ ಬೇಳೆ, ಒಂದು ಕಟ್ಟು ಕಡಕ್ ರೊಟ್ಟಿ ಹೊತ್ತುಕೊಂಡೇ ಹೋದ.

ಕಾಕಾನ ಒಣ ಬಿಸಿಲಿನ ಮಾತು ಸುಳ್ಳಲ್ಲ. ಗಾಳಿ ಒಣಗಿದ್ದರೇ ಅದು ಹುಲ್ಲಿನ ನೀರು ಹೀರಿ ತಣ್ಣಗಾಗುವುದು. ಮಂಗಳೂರಿನಲ್ಲಿ ಇದೇ ಕೂಲರ್ ಇಟ್ಟರೆ ಹಬೆ ಕೊಟ್ಟೀತು. ಇನ್ನೊಂದು ಗುಟ್ಟು, ಕೂಲರಿಗೆ ಕಿಟಕಿ, ಬಾಗಿಲು ತೆರೆದಿರಬೇಕು. ಒಳಬಂದ ಗಾಳಿ ಹೊರಹೋಗದಿದ್ದರೆ ಮನೆ ಬಚ್ಚಲಾಗುತ್ತದೆ. ಹೀಗಾಗಿ ಬೇಸಿಗೆ ತುಂಬಾ ನಮ್ಮ ಓಣಿಯ ಮನೆಗಳಿಗೆ ಗೋಡೆ ಇದ್ದೂ ಇಲ್ಲದಂತೆ. ಯಾರ ಮನೆಯಲ್ಲಿ ಪುಂಡಿಪಲ್ಯ, ಯಾರ ಮನೆಯಲ್ಲಿ ಜಗಳ, ಎಲ್ಲ ಎಲ್ಲರಿಗೂ ಗೊತ್ತು. ಓಣಿಯ ಕೊನೆಯ ಮನೆಯವರು ಎರಡು ವರ್ಷದ ಹಿಂದೆ ಎಸಿ ಹಾಕಿಸಿದರು. ಪಾಪ, ಬಾಗಿಲು ಹಾಕಿ ಮಲಗಿದವರಿಗೆ ನಡುರಾತ್ರಿ "ನಳಾ ಬಂತು!" ಎಂದು ಕೂಗಿದ್ದು ಕೇಳಲೇ ಇಲ್ಲ. ನಮ್ಮ ಕಡೆ ನಳ ಒಮ್ಮೆ ಹೋದರೆ ಮತ್ತೆ ಯಾವಾಗ ಬರುತ್ತದೋ ನಂಬಿಕೆಯಿಲ್ಲ. ನಾಲ್ಕು ದಿನ ಟ್ಯಾಂಕರಿನವನ ಕಾಲು ಹಿಡಿದರು. ಈಗ ಅವರ ಮನೆಯಲ್ಲೂ ಒಂದು ಕಿಟಕಿ ಅರ್ಧ ತೆರೆದಿರುತ್ತದೆ. ಕರೆಂಟು ಉಳಿಸಲಿಕ್ಕೆ ಎನ್ನುತ್ತಾರೆ.

ಕೂಲರಿನ ಸದ್ದಿನ ವಿಷಯಕ್ಕೆ ಬಂದರೆ ಸಮರ್ಥನೆ ಸಾಧ್ಯವಿಲ್ಲ. ಹಿಟ್ಟಿನ ಗಿರಣಿಯ ತಮ್ಮ ಅದು. ಫೋನು ಬಂದರೆ ಅಂಗಳಕ್ಕೆ ಓಡಬೇಕು. ಆದರೂ ಓದಲಿಕ್ಕೆಂದು ಪುಣೆಗೆ ಹೋದ ಮಗ ಮೊದಲ ವಾರ ಫೋನು ಮಾಡಿ, "ಅಪ್ಪಾ, ಇಲ್ಲಿ ರಾತ್ರಿ ಭಾಳ ಶಾಂತ ಅದ, ನಿದ್ದಿ ಬರವಲ್ದು" ಅಂದ.

ಜೂನ್ ಬಂತೆಂದರೆ ಹವಾಮಾನದವರಿಗಿಂತ ಮೊದಲು ಸುದ್ದಿ ಕೊಡುವುದು ಕೂಲರೇ. ಒಂದು ರಾತ್ರಿ ಇದ್ದಕ್ಕಿದ್ದಂತೆ ಅದರ ಗಾಳಿ ಜಿಗುಟಾಗುತ್ತದೆ. ಹಾಸಿಗೆ ಅಂಟುತ್ತದೆ, ಉಪ್ಪಿನ ಡಬ್ಬಿ ಒದ್ದೆಯಾಗುತ್ತದೆ. ಈ ಸಲವೂ ಹಾಗೇ ಆಯಿತು. ಹೆಂಡತಿ ನಿದ್ದೆಗಣ್ಣಲ್ಲೇ "ಬಂದ್ ಮಾಡ್ರಿ ಅದನ್ನ" ಎಂದಳು. ಎದ್ದು ಬಂದ್ ಮಾಡಿದೆ. ನಾಲ್ಕು ತಿಂಗಳ ಗರಗರ ನಿಂತು ಓಣಿಯಲ್ಲಿ ಎಲ್ಲೋ ನಾಯಿ ಕಿವಿ ಕೊಡವಿದ್ದೂ ಕೇಳಿತು. ಇಬ್ಬರೂ ಕಣ್ಣು ಬಿಟ್ಟುಕೊಂಡು ಮಲಗಿದೆವು.

ಸ್ವಲ್ಪ ಹೊತ್ತಿಗೆ ಆಚೆ ಕಿಟಕಿಯಿಂದ ಕೆಮ್ಮು.

"ತಮ್ಮಾ, ನಿಂದೂ ಬಂದ್ ಆತೇನು?"

"ಹೂಂ ಕಾಕಾ."

"ನಾಳಿ ಹೊಲಕ್ಕ ಹೋಗ್ತೀನಿ. ತೊಗರಿ ಬೀಜ ನೋಡ್ಬೇಕು."