ಎಷ್ಟು ಜನ ಬಂದರು ಎಂದಲ್ಲ, ಎಷ್ಟು ಹಣ ಉಳಿಯಿತು ಎಂದು ಹೇಳಿ

ಪ್ರವಾಸೋದ್ಯಮ ಸಚಿವರು ಯಾವ ದೇಶದವರೇ ಆಗಿರಲಿ, ವರ್ಷದ ಕೊನೆಗೆ ಹಾಡುವ ರಾಗ ಒಂದೇ: ಕಳೆದ ಬಾರಿಗಿಂತ ಇಷ್ಟು ಲಕ್ಷ ಮಂದಿ ಹೆಚ್ಚು ಬಂದರು. ಪತ್ರಿಕೆಗಳೂ ಅದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತವೆ. ಬಂದವರು ಕೊಟ್ಟ ಹಣದಲ್ಲಿ ದೇಶದೊಳಗೆ ಉಳಿದದ್ದೆಷ್ಟು ಎಂದು ಕೇಳಿ ನೋಡಿ, ಉತ್ತರ ಸಿಗುವುದು ಅಪರೂಪ. ಪ್ರವಾಸೋದ್ಯಮದ ಪಾಲನ್ನು ರಾಷ್ಟ್ರೀಯ ಲೆಕ್ಕಪತ್ರದಿಂದ ಬೇರ್ಪಡಿಸಿ ತೋರಿಸುವ ವಿಧಾನಕ್ಕೆ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2000ದಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೂ ಭಾಷಣಗಳಲ್ಲಿ ಕೇಳುವುದು ತಲೆ ಎಣಿಕೆಯೇ.

ಈ ಉದ್ಯಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಿದೇಶಿ ಪ್ರವಾಸಿಯ ಖರ್ಚು ಲೆಕ್ಕದಲ್ಲಿ ಸೇವಾ ರಫ್ತು. ಸರಕು ಹಡಗು ಹತ್ತಬೇಕಿಲ್ಲ, ಗಿರಾಕಿಯೇ ಬಂದು ಡಾಲರ್ ಕೊಟ್ಟು ಹೋಗುತ್ತಾನೆ. ತೈಲ, ಔಷಧಗಳನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಆ ಡಾಲರ್ ಜೀವದ್ರವ್ಯವಿದ್ದಂತೆ. 2008ರಲ್ಲಿ ಬ್ಯಾಂಕುಗಳು ಕುಸಿದು ಐಸ್‌ಲ್ಯಾಂಡಿನ ಕರೆನ್ಸಿ ನೆಲಕಚ್ಚಿತು. ಅಗ್ಗವಾದ ಆ ಕರೆನ್ಸಿಯೂ ಪ್ರವಾಸಿಗರನ್ನು ಸೆಳೆಯಿತು. 2010ರಲ್ಲಿ ಸುಮಾರು 5 ಲಕ್ಷವಿದ್ದ ವಿದೇಶಿ ಪ್ರವಾಸಿಗರು 2018ಕ್ಕೆ 23 ಲಕ್ಷ ದಾಟಿದರು. ದೇಶದ ಜನಸಂಖ್ಯೆ ಮಾತ್ರ ಮೂರೂವರೆ ಲಕ್ಷದ ಆಸುಪಾಸು. ತಲೆತಲಾಂತರದ ಮೀನುಗಾರಿಕೆಯನ್ನೂ ಹಿಂದಿಕ್ಕಿ ಪ್ರವಾಸೋದ್ಯಮವೇ ವಿದೇಶಿ ವಿನಿಮಯ ಗಳಿಕೆಯಲ್ಲಿ ಮುಂದೆ ಬಂತು.

ಈಗ ಒಬ್ಬ ಪ್ರವಾಸಿಯ ಹಣದ ಬೆನ್ನು ಹತ್ತೋಣ. ಟಿಕೆಟ್ ಕೊಂಡದ್ದು ಅವನದೇ ದೇಶದ ವಿಮಾನಯಾನ ಕಂಪನಿಯಿಂದ. ಕೋಣೆ ಕಾಯ್ದಿರಿಸಿದ್ದು ಇನ್ನೆಲ್ಲೋ ಕಚೇರಿ ಇಟ್ಟುಕೊಂಡಿರುವ ವೆಬ್‌ಸೈಟಿನಲ್ಲಿ. ಕಮಿಷನ್ ಅಲ್ಲೇ ಕಡಿತವಾಯಿತು. ಹೋಟೆಲಿನ ಹೆಸರು ವಿದೇಶಿ ಕಂಪನಿಯದ್ದು, ಹೆಸರಿಗೂ ಆಡಳಿತಕ್ಕೂ ಬೇರೆ ಬೇರೆ ಶುಲ್ಕ. ಮದ್ಯ, ಮಾಂಸ, ಹಾಸಿಗೆ, ಲಿಫ್ಟ್ ಎಲ್ಲವೂ ಹೊರಗಿನಿಂದ ಬಂದವು. ಕೊನೆಗೆ ಸ್ಥಳೀಯರ ಪಾಲಿಗೆ ಬರುವುದು ಬಟ್ಟೆ ಒಗೆಯುವವರ, ದೋಣಿ ನಡೆಸುವವರ, ಮಾಣಿಗಳ ಕೂಲಿ, ಒಂದಿಷ್ಟು ತೆರಿಗೆ. ಅರ್ಥಶಾಸ್ತ್ರಜ್ಞರು ಇದನ್ನು ಸೋರಿಕೆ ಎನ್ನುತ್ತಾರೆ. ದೇಶ ಚಿಕ್ಕದಾದಷ್ಟೂ ತೂತು ದೊಡ್ಡದು.

ಮಾಲ್ದೀವ್ಸ್ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಮೊದಲ ರೆಸಾರ್ಟ್ ತೆರೆದದ್ದು 1972ರಲ್ಲಿ. ಒಂದು ದ್ವೀಪಕ್ಕೆ ಒಂದು ರೆಸಾರ್ಟ್, ಜನವಸತಿಯ ದ್ವೀಪಗಳು ಬೇರೆ. ಪ್ರವಾಸಿ ಬಂದು ಹೋದದ್ದು ಪಕ್ಕದ ದ್ವೀಪದ ಬೆಸ್ತನಿಗೆ ಗೊತ್ತೇ ಆಗುತ್ತಿರಲಿಲ್ಲ. 2009ರ ಹೊತ್ತಿಗೆ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳಿಗೆ ಅನುಮತಿ ಸಿಕ್ಕಿತು. ಆಮೇಲೆ ಸಾಮಾನ್ಯ ಕುಟುಂಬವೂ ನಾಲ್ಕು ಕೋಣೆ ಕಟ್ಟಿ ಬಾಡಿಗೆಗೆ ಕೊಡಬಹುದಾಯಿತು, ದೋಣಿಯವನಿಗೆ ನೇರವಾಗಿ ಗಿರಾಕಿ ಸಿಕ್ಕ. ಸಮುದ್ರ ಅದೇ, ಮರಳೂ ಅದೇ, ಬದಲಾದದ್ದು ಒಂದು ನಿಯಮ. ಬ್ರೋಷರ್ ಮುದ್ರಿಸಲು ಸುರಿಯುವ ಹಣಕ್ಕಿಂತ ಇಂಥ ನಿಯಮಗಳೇ ಹೆಚ್ಚು ಕೆಲಸ ಮಾಡುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇನ್ನು ಅವಲಂಬನೆಯ ವಿಷಯ. ಶ್ರೀಲಂಕಾಕ್ಕೆ 2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದರು, ಸುಮಾರು 440 ಕೋಟಿ ಡಾಲರ್ ತಂದರು. 2019ರ ಈಸ್ಟರ್ ಭಾನುವಾರ ಬಾಂಬ್ ಸ್ಫೋಟಿಸಿತು, ಮರುವರ್ಷ ಕೋವಿಡ್ ವಿಮಾನಗಳನ್ನೇ ನಿಲ್ಲಿಸಿತು. 2022ರಲ್ಲಿ ಪೆಟ್ರೋಲಿಗೆ ಕೊಡಲು ಡಾಲರ್ ಇರಲಿಲ್ಲ, ವಿದೇಶಿ ಸಾಲದ ಕಂತನ್ನೂ ನಿಲ್ಲಿಸಬೇಕಾಯಿತು. ತಪ್ಪೆಲ್ಲ ಪ್ರವಾಸೋದ್ಯಮದ್ದಲ್ಲ, ತೆರಿಗೆ ಕಡಿತ, ರಾತ್ರೋರಾತ್ರಿ ರಾಸಾಯನಿಕ ಗೊಬ್ಬರ ನಿಷೇಧ, ಹಳೆಯ ಸಾಲ ಎಲ್ಲವೂ ಸೇರಿದ್ದವು. ಆದರೆ ನೆಚ್ಚಿಕೊಂಡಿದ್ದ ಡಾಲರ್ ಹರಿವು ಯಾರದೋ ಕೃತ್ಯಕ್ಕೆ, ಯಾವುದೋ ವೈರಾಣುವಿಗೆ ಬತ್ತಿಹೋಗಬಲ್ಲದು ಎಂಬುದಂತೂ ಕಣ್ಣೆದುರೇ ನಡೆಯಿತು. ಜಗತ್ತಿನಾದ್ಯಂತ 2019ರಲ್ಲಿ ಸುಮಾರು 146 ಕೋಟಿಯಿದ್ದ ವಿದೇಶಿ ಪ್ರವಾಸಗಳು ಒಂದೇ ವರ್ಷದಲ್ಲಿ ಮುಕ್ಕಾಲು ಪಾಲಿನಷ್ಟು ಕುಸಿದವು.

ಅತ್ತ ಜರ್ಮನಿಯನ್ನು ನೋಡಿ. ಬಂದವರಿಂದ ಗಳಿಸುವುದಕ್ಕಿಂತ ಎಷ್ಟೋ ಹೆಚ್ಚನ್ನು ಜರ್ಮನರು ಹೊರಗೆ ಹೋಗಿ ಖರ್ಚು ಮಾಡುತ್ತಾರೆ. ಕಾರು, ಯಂತ್ರ ಮಾರಿ ಬಂದ ದುಡ್ಡು ಅದು. ಪ್ರವಾಸದ ಖಾತೆಯಲ್ಲಿ ಕೊರತೆಯಿದ್ದೂ ದೇಶ ಶ್ರೀಮಂತವಾಗಿರಬಹುದು.

ಬಾಡಿಗೆ ಏರಿ ಊರಿನವರೇ ಊರು ಬಿಡುವ ಪಾಡು ಮತ್ತೊಂದು. ಬಾರ್ಸಿಲೋನಾ 2028ರ ಹೊತ್ತಿಗೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಫ್ಲ್ಯಾಟುಗಳ ಪರವಾನಗಿಯನ್ನೇ ಕೊನೆಗೊಳಿಸುವುದಾಗಿ ಘೋಷಿಸಿದೆ.

ಭೂತಾನ್ ಬೇರೆ ದಾರಿ ಹಿಡಿಯಿತು. ಭಾರತೀಯರನ್ನು ಬಿಟ್ಟು ಬಹುತೇಕ ವಿದೇಶಿಯರ ಮೇಲೆ ದಿನಕ್ಕೆ 65 ಡಾಲರ್ ಇದ್ದ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು 2022ರಲ್ಲಿ 200ಕ್ಕೆ ಏರಿಸಿ, ಮರುವರ್ಷವೇ 100ಕ್ಕೆ ಇಳಿಸಿತು. ಎಡವಿತು ಎಂದು ನಕ್ಕವರಿದ್ದಾರೆ. ನನಗೇನೋ ಅದು ಸರಿಯಾದ ಕ್ರಮವಾಗಿಯೇ ಕಂಡಿತು. ದರ ಇಟ್ಟು ನೋಡಿದರು, ಹೆಚ್ಚಾಯಿತು ಅನ್ನಿಸಿದಾಗ ಇಳಿಸಿದರು. ಶುಲ್ಕ 65 ಇರಲಿ, 100 ಇರಲಿ, ಅದು ನೇರವಾಗಿ ಬೊಕ್ಕಸ ಸೇರುತ್ತದೆ. ಯಾವುದೋ ಹೋಟೆಲ್ ಕಂಪನಿಯ ಬಿಲ್ಲಿನ ಹಿಂದೆ ದೇಶ ಬಿಟ್ಟು ಹೋಗುವುದಿಲ್ಲ.